ಒಂದೇ ತಲೆಗೆ ಎಷ್ಟು ಮಾತ್ರೆ?

ಫ್ರಿಜ್ಜಿನ ಮೇಲೋ ಕಪಾಟಿನ ಮೂಲೆಯಲ್ಲೋ ಮಾತ್ರೆಗಳ ಡಬ್ಬಿಯೊಂದು ಇಲ್ಲದ ಮನೆ ಇಂದು ಅಪರೂಪ. ಅತ್ತೆಯ ಮೊಣಕಾಲು ನೋವಿಗೆ ತಂದು ಉಳಿದದ್ದು, ಮಗನ ಜ್ವರಕ್ಕೆ ತಂದದ್ದು, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಮೈಗ್ರೇನ್ ಎಂಬ ಅರೆತಲೆನೋವು ಕಾಣಿಸಿಕೊಂಡ ದಿನ ಮನೆಯೊಡತಿಯ ಕೈ ಮೊದಲು ಹೋಗುವುದು ಆ ಡಬ್ಬಿಗೆ. ಒಂದರಿಂದ ಕಡಿಮೆಯಾಗದಿದ್ದರೆ ಇನ್ನೊಂದು, ಅದೂ ಸಾಲದಿದ್ದರೆ ನೆರೆಮನೆಯಾಕೆ ಹೇಳಿದ ಮತ್ತೊಂದು.

ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ನೋವಿದೆಯೆಂದು ಅಡುಗೆಯೂ ನಿಲ್ಲದು, ಮಕ್ಕಳ ಶಾಲೆಯೂ ನಿಲ್ಲದು. ಆ ಅವಸರದಲ್ಲಿ ಒಂದು ಪ್ರಶ್ನೆ ಮರೆತುಹೋಗುತ್ತದೆ. ಈ ಮಾತ್ರೆ ಮೊದಲು ನುಂಗಿದ್ದರ ಜೊತೆ ಹೊಂದುತ್ತದೆಯೇ?

ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಆಗಿರಬಹುದು. ಡೋಲೋ 650ರಲ್ಲಿರುವುದು ಪ್ಯಾರಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ 325 ಮಿ.ಗ್ರಾಂ ಪ್ಯಾರಸಿಟಮಾಲ್ ಇದೆ. ಶೀತದ ಅನೇಕ ಮಾತ್ರೆಗಳಲ್ಲೂ ಅದೇ ಇರುತ್ತದೆ. ಒಂದೇ ದಿನ ಮೊದಲನೆಯದು ನಾಲ್ಕು, ಎರಡನೆಯದು ಮೂರು, 500 ಮಿ.ಗ್ರಾಂ ಇರುವ ಶೀತದ ಮಾತ್ರೆ ಮೂರು ನುಂಗಿದರೆ ಒಟ್ಟು 5075 ಮಿ.ಗ್ರಾಂ ಆಯಿತು. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4000 ಮಿ.ಗ್ರಾಂ ಮೀರಬಾರದು. ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಹಾಗೆಯೇ ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಒಂದೇ ಗುಂಪಿನವು. ಎರಡನ್ನೂ ಒಟ್ಟಿಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುವ, ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗಂತೂ ಇನ್ನೂ ಹೆಚ್ಚು.

ಮೈಗ್ರೇನ್‌ಗೆಂದೇ ಇರುವ ಔಷಧಗಳ ವಿಷಯದಲ್ಲಿ ಮತ್ತಷ್ಟು ಜಾಗ್ರತೆ ಬೇಕು. ವ್ಯಾಸೋಗ್ರೇನ್‌ನಂತಹ ಮಾತ್ರೆಯಲ್ಲಿ ಎರ್ಗೋಟಮಿನ್ ಇದೆ. ವೈದ್ಯರು ಬರೆದುಕೊಡುವ ಇನ್ನೊಂದು ಔಷಧ ಸುಮಾಟ್ರಿಪ್ಟಾನ್. ಇವೆರಡೂ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಆದ್ದರಿಂದ ಒಂದನ್ನು ಸೇವಿಸಿದ 24 ಗಂಟೆಯೊಳಗೆ ಇನ್ನೊಂದನ್ನು ಸೇವಿಸಬಾರದು. ಹೃದಯದ ರಕ್ತನಾಳಗಳ ಕಾಯಿಲೆಯಿರುವವರಿಗೆ ಎರಡೂ ಸಲ್ಲದು. ಎರ್ಗೋಟಮಿನ್ ಜೊತೆ ಎರಿಥ್ರೊಮೈಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಸೇರಿದರೆ ಕೈಕಾಲುಗಳಿಗೆ ರಕ್ತ ಸಂಚಾರವೇ ಕುಂದಬಹುದು. ಗಂಟಲು ನೋವಿಗೆ ಔಷಧ ಪಡೆಯುವಾಗ ತಲೆನೋವಿನ ಮಾತ್ರೆಯ ಬಗ್ಗೆಯೂ ಹೇಳಬೇಕಾದುದು ಇದಕ್ಕಾಗಿಯೇ. ಗರ್ಭಿಣಿಯರು ಎರ್ಗೋಟಮಿನ್ ಸೇವಿಸಲೇಬಾರದು. ಮೈಗ್ರೇನ್ ಬಾರದಂತೆ ಕೊಡುವ ಪ್ರೊಪ್ರನೊಲಾಲ್ ಉಬ್ಬಸ ಇರುವವರಿಗೆ ಅಪಾಯಕಾರಿ.

ರಮಝಾನ್‌ನಲ್ಲಿ ಕೆಲವರು ಎರಡು ಹೊತ್ತಿನ ಮಾತ್ರೆಯನ್ನು ಇಫ್ತಾರ್‌ನ ಬಳಿಕ ಒಟ್ಟಿಗೆ ನುಂಗುವುದುಂಟು. ಹಾಗೆ ಮಾಡಬೇಡಿ. ಮಾತ್ರೆಯ ಹೊತ್ತನ್ನು ತಿಂಗಳು ಆರಂಭವಾಗುವ ಮುನ್ನವೇ ವೈದ್ಯರಲ್ಲಿ ಕೇಳಿ ನಿಗದಿಪಡಿಸಿಕೊಳ್ಳಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆಯೆಂಬುದನ್ನೂ ಮನೆಯವರು ಮರೆಯಬಾರದು.

ಇನ್ನೊಂದು ವಿಚಿತ್ರವಿದೆ. ನೋವಿನ ಮಾತ್ರೆಯೇ ನೋವನ್ನು ಹುಟ್ಟಿಸಬಲ್ಲದು. ಸಾಮಾನ್ಯ ನೋವಿನ ಮಾತ್ರೆಗಳನ್ನು ತಿಂಗಳಲ್ಲಿ 15 ದಿನ, ಮಿಶ್ರ ಮಾತ್ರೆ, ಟ್ರಿಪ್ಟಾನ್ ಅಥವಾ ಎರ್ಗೋಟಮಿನ್‌ಗಳನ್ನು 10 ದಿನ ಮುಟ್ಟುವಷ್ಟು ಸೇವಿಸುತ್ತಾ ಹೋದರೆ ಕೆಲವೇ ತಿಂಗಳಲ್ಲಿ ತಲೆನೋವು ದಿನನಿತ್ಯದ್ದಾಗಬಹುದು. ಸೇವಿಸಿದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟರೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಸಹೋದರಿಯರೇ, ಸ್ಟ್ರಿಪ್ಪಿನ ಮೇಲೆ ಕಂಪೆನಿ ಇಟ್ಟ ಹೆಸರಷ್ಟೇ ಇರುವುದಿಲ್ಲ. ಒಳಗಿನ ಔಷಧದ ಹೆಸರೂ ಇರುತ್ತದೆ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ಹೆಸರಿರುವ ಭಾಗವನ್ನು ಕತ್ತರಿಸಿ ಎಸೆಯಬೇಡಿ. ಬಿ.ಪಿ., ಸಕ್ಕರೆ ಕಾಯಿಲೆ, ಉಬ್ಬಸ, ಖಿನ್ನತೆ ಹೀಗೆ ಯಾವುದಕ್ಕೇ ಸೇವಿಸುತ್ತಿದ್ದರೂ ಎಲ್ಲ ಮಾತ್ರೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ವೈದ್ಯರಿಗೂ ಮೆಡಿಕಲ್‌ನವರಿಗೂ ಅದೇ ಹಾಳೆಯನ್ನು ತೋರಿಸಿ. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಸಂಕೋಚಪಡದೆ ಹೇಳಿ. ಮಾತು ತೊದಲಿದರೆ, ಕೈಕಾಲು ಸೋತರೆ, ಮಾತ್ರೆ ನುಂಗಿದ ಬಳಿಕ ಎದೆ ಬಿಗಿದರೆ ಡಬ್ಬಿ ತಡಕಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಅಕ್ಕಿಯಲ್ಲಿ ಕಲ್ಲು ಹುಡುಕಲು ಹತ್ತು ನಿಮಿಷ ಕೊಡುವ ನಾವು ಮಾತ್ರೆಯ ಹೆಸರು ಓದಲು ಒಂದು ನಿಮಿಷ ಕೊಡಲಾರೆವೇ?