ಕಚೇರಿಯ ಮೇಜೂ ನಾಲಗೆಯ ಸಂಯಮವೂ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಕನ್ನಡಿಗರ ಮನೆಮನೆಯ ಗಾದೆ. ಮುಂಬಯಿಯ ಹೊರವಲಯದಲ್ಲಿ ನೆಲೆಸಿ ಕಚೇರಿಗಳಲ್ಲಿ ದುಡಿಯುವ ಕನ್ನಡಿಗನ ಪಾಲಿಗೆ ಈ ಗಾದೆಯ ಎರಡು ಭಾಗಗಳೂ ಒಂದೇ ಸಮಸ್ಯೆಯ ಎರಡು ಮುಖಗಳಾಗಿವೆ. ದೇಹದ ತೂಕವನ್ನು ಇಳಿಸಬೇಕೆಂದು ವೈದ್ಯರು ಎಚ್ಚರಿಸಿದ ಮೇಲೆ ಆತ ಊಟ ಬಲ್ಲವನಾದರೆ ಮಾತ್ರ ಸಾಲದು. ಸಹೋದ್ಯೋಗಿ ಅಕ್ಕರೆಯಿಂದ ಮುಂದೆ ಹಿಡಿದ ಪೇಢೆಯ ಪೊಟ್ಟಣವನ್ನು ಮನಸ್ತಾಪವಿಲ್ಲದೆ ನಿರಾಕರಿಸುವ ಮಾತನ್ನೂ ಬಲ್ಲವನಾಗಬೇಕು. ಮೊದಲನೆಯದಕ್ಕಿಂತ ಎರಡನೆಯದೇ ಕಠಿಣವೆಂಬುದು ಅನುಭವಸ್ಥರೆಲ್ಲ ಬಲ್ಲ ಸಂಗತಿ.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಅದೇ ಹಾದಿಯಲ್ಲಿ ಇಂದು ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಲಕ್ಷಾಂತರ ಜನ ನಿತ್ಯವೂ ಹೊಟ್ಟೆಪಾಡಿಗಾಗಿ ಹೊರಡುತ್ತಾರೆ. ಇನ್ನು ಹಲವರ ದಾರಿ ಐರೋಲಿ, ಮಹಾಪೆ, ವಾಶಿಗಳ ಕಡೆಗೆ. ಕಲ್ಯಾಣದಿಂದ ಏಳು ಗಂಟೆಯ ಗಾಡಿ ಹಿಡಿಯುವವನು ಐದಕ್ಕೇ ಏಳಬೇಕು. ಮನೆ ಸೇರುವಾಗ ರಾತ್ರಿ ಎಂಟೋ ಒಂಬತ್ತೋ ಆಗಿರುತ್ತದೆ. ಮಧ್ಯಾಹ್ನ ಒಂದು ಗಂಟೆಯ ಡಬ್ಬಿಯ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಏಳೆಂಟು ಗಂಟೆಗಳ ಅಂತರ. ಸಂಜೆ ನಾಲ್ಕೈದರ ಹೊತ್ತಿಗೆ ಮೇಜಿನ ಮೇಲೆ ಸಮೋಸವೋ ಬಟಾಟೆವಡೆಯೋ ಬಂದಾಗ ಕೈ ತಾನಾಗಿ ಮುಂದೆ ಹೋಗುವುದಕ್ಕೆ ನಾಲಗೆಯ ಚಾಪಲ್ಯ ಮಾತ್ರವೇ ಕಾರಣವಲ್ಲ. ಅದು ನಿಜವಾದ ಹಸಿವು.

ಇದಕ್ಕೆ ನಿದ್ರೆಯ ಕೊರತೆಯೂ ಸೇರುತ್ತದೆ. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಹನ್ನೆರಡು ಮಂದಿ ಆರೋಗ್ಯವಂತ ತರುಣರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ಪರೀಕ್ಷಿಸಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸದೂತ ಶೇ. 28ರಷ್ಟು ಏರಿತ್ತು, ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ಸಿಹಿ ಮತ್ತು ಹಿಟ್ಟಿನ ತಿನಿಸುಗಳ ಮೇಲಿನ ಆಸೆಯೂ ಹೆಚ್ಚಿತ್ತು. ಗಾಡಿಯ ಬಾಗಿಲಿಗೆ ಜೋತು ನಿದ್ದೆಗಣ್ಣಿನಲ್ಲಿ ಕಚೇರಿ ಸೇರುವವನನ್ನು ‘ಮನೋಬಲವಿಲ್ಲದವನು’ ಎಂದು ಹೀಗಳೆಯುವ ಮುನ್ನ ಈ ಸತ್ಯವನ್ನು ನೆನೆಯುವುದು ಒಳಿತು.

ಭಾರತೀಯನ ದೇಹಪ್ರಕೃತಿಯೂ ಈ ವಿಷಯದಲ್ಲಿ ಅಷ್ಟು ಉದಾರವಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಹಾಗೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ದೇಹದ ಅಳತೆಗಳನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2! ತೆಳ್ಳಗೆ ಕಾಣುವ ಭಾರತೀಯನೂ ಒಳಗೊಳಗೆ ಕೊಬ್ಬು ಹೊತ್ತಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆದುದರಿಂದಲೇ ಇಲ್ಲಿನ ತಜ್ಞರು ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯನ್ನು ಎಚ್ಚರಿಕೆಯ ಗೆರೆಯೆಂದು ನಿಗದಿಪಡಿಸಿದ್ದಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನ ಮಧುಮೇಹಿಗಳು, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಊರು ಬಿಟ್ಟು ಬಂದು, ಸಾಲ ಮಾಡಿ ಎರಡು ಕೋಣೆಯ ಮನೆ ಕೊಂಡು, ಮಕ್ಕಳ ವಿದ್ಯಾಭ್ಯಾಸದ ಹೊರೆ ಹೊತ್ತ ಸಂಸಾರದಲ್ಲಿ ದುಡಿಯುವ ಜೀವವೇ ಹಾಸಿಗೆ ಹಿಡಿದರೆ ಗತಿಯೇನು?

ಇನ್ನು ಲೆಕ್ಕವನ್ನು ನೋಡಬಹುದು. ಒಂದು ವಡಾಪಾವಿನಲ್ಲಿ ಸುಮಾರು 300 ಕ್ಯಾಲರಿಗಳಿರುತ್ತವೆ. ಅದನ್ನು ಕರಗಿಸಲು ಹತ್ತಿರ ಹತ್ತಿರ ಒಂದು ಗಂಟೆಯ ಬಿರುನಡಿಗೆ ಬೇಕು. ಒಂದು ಚಹಾಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಚಹಾ ಕುಡಿದರೆ 40 ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ದಿನವಿಡೀ ಸೇವಿಸುವ ಸಕ್ಕರೆ 25 ಗ್ರಾಮಿನೊಳಗಿದ್ದರೆ ಹೆಚ್ಚು ಕ್ಷೇಮವೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಸಾರ. ಪೇಢೆಯನ್ನು ಮುಟ್ಟುವ ಮೊದಲೇ, ಬರಿಯ ಚಹಾದಿಂದಲೇ ಮಿತಿ ಮೀರಿತೆಂದಾಯಿತು.

ಆದರೂ ಲೆಕ್ಕ ತಿಳಿದವರೆಲ್ಲ ತಿನ್ನುವುದನ್ನು ಬಿಡುವುದಿಲ್ಲ. ಏಕೆಂದರೆ ಕಚೇರಿಯಲ್ಲಿ ತಿನಿಸೆಂಬುದು ಆಹಾರಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ. ಬಡ್ತಿಗೆ ಪೇಢೆ, ಹುಟ್ಟುಹಬ್ಬಕ್ಕೆ ಕೇಕು, ಗಣೇಶನ ಹಬ್ಬಕ್ಕೆ ಮೋದಕ, ದೀಪಾವಳಿಗೆ ಚಿವಡಾ-ಚಕ್ಕುಲಿ, ಊರಿಗೆ ಹೋಗಿ ಬಂದವನಿಂದ ಧಾರವಾಡದ ಫೇಡೆ ಅಥವಾ ಗೋಕಾಕದ ಕರದಂಟು. ದಸರೆಗೆ ಲೋಕಲ್ ಗಾಡಿಯ ಡಬ್ಬಿಯನ್ನೂ ಹೂಮಾಲೆಗಳಿಂದ ಅಲಂಕರಿಸಿ, ಪೂಜಿಸಿ, ಸಿಹಿ ಹಂಚುವ ಸಂಪ್ರದಾಯ ಈ ಭಾಗದ್ದು. ಪರಸ್ಥಳದಲ್ಲಿ ಭಾಷೆ ಬೇರೆಯಾದವರ ನಡುವೆ ಆತ್ಮೀಯತೆ ಬೆಳೆಯುವುದು ಇಂತಹ ಹಂಚಿಕೆಗಳಿಂದಲೇ. ಹೀಗಿರುವಾಗ ‘ಬೇಡ’ವೆಂದರೆ ತಿನಿಸನ್ನಲ್ಲ, ಸ್ನೇಹವನ್ನೇ ತಳ್ಳಿದಂತೆ ತೋರುತ್ತದೆ. ‘ಒಂದೇ ಒಂದು, ಏನಾಗುವುದಿಲ್ಲ’ ಎಂಬ ಒತ್ತಾಯದ ಮುಂದೆ ಬೆಳಗಿನ ಸಂಕಲ್ಪ ಸಂಜೆಗೆ ಕರಗುತ್ತದೆ.

ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷ ಹೊಣೆಯೂ ಇದೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಕ್ಯಾಂಟೀನುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಮುಂದೆ ತಾವೇ ಹೋಟೆಲು ತೆರೆದ ಇತಿಹಾಸ ಈ ಮಹಾನಗರದ್ದು. ಮಾಟುಂಗಾದಲ್ಲಿ 1942ರಲ್ಲಿ ಆರಂಭವಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅದರ ಒಂದು ಉಜ್ವಲ ಉದಾಹರಣೆ. ಮುಂಬಯಿಗೆ ಇಡ್ಲಿಯ ರುಚಿ ಹಿಡಿಸಿದವರು, ಹಬೆಯಲ್ಲಿ ಬೆಂದ ಹಗುರ ತಿಂಡಿಯನ್ನು ಸುಲಭಬೆಲೆಗೆ ಉಣಿಸಿದವರು ಅವರು. ಕರಿದ ತಿನಿಸಿನ ಪಕ್ಕದಲ್ಲಿ ಉಸುಳಿ, ಕೋಸಂಬರಿ, ನೀರುಮಜ್ಜಿಗೆಗಳನ್ನೂ ಇಟ್ಟರೆ ಗಿರಾಕಿ ಬೇಡವೆನ್ನಲಾರನು. ಆ ಪರಂಪರೆಗೆ ಇದು ಹೊಸದೂ ಅಲ್ಲ, ಭಾರವೂ ಅಲ್ಲ.

ಸರಕಾರವೂ ಈ ಕಡೆಗೆ ಗಮನ ಹರಿಸಿದೆ. ಕಚೇರಿಗಳಲ್ಲಿ ಎಣ್ಣೆ ಹಾಗೂ ಸಕ್ಕರೆಯ ಪ್ರಮಾಣವನ್ನು ಸಾರುವ ಫಲಕಗಳನ್ನು ತೂಗುಹಾಕಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2025ರಲ್ಲಿ ಸಲಹೆ ನೀಡಿತು. ಸಮೋಸ-ಜಿಲೇಬಿಗಳ ಮೇಲೆ ಎಚ್ಚರಿಕೆಯ ಚೀಟಿ ಬರಲಿದೆಯೆಂಬ ಸುದ್ದಿ ಹಬ್ಬಿದಾಗ, ಇದು ಬೀದಿ ವ್ಯಾಪಾರಿಗಳ ವಿರುದ್ಧವಲ್ಲ, ದುಡಿಯುವ ಸ್ಥಳಗಳಿಗೆ ಮಾತ್ರ ಸಂಬಂಧಿಸಿದ ತಿಳಿವಳಿಕೆಯ ಕ್ರಮವೆಂದು ಸರಕಾರ ಅದೇ ಜುಲೈಯಲ್ಲಿ ಸ್ಪಷ್ಟಪಡಿಸಿತು. ಫಲಕ ಒಳ್ಳೆಯದೇ. ಆದರೆ ಗೋಡೆಯ ಮೇಲೆ ಫಲಕ, ಅದರ ಕೆಳಗೆ ಸಿಹಿಯ ಪೆಟ್ಟಿಗೆ ಎಂಬಂತಾದರೆ ಗೆಲ್ಲುವುದು ಪೆಟ್ಟಿಗೆಯೇ.

ಹಾಗಾದರೆ ಮಾರ್ಗವೇನು? ಪ್ರಲೋಭನೆಯೊಡನೆ ಪ್ರತಿದಿನ ಮಲ್ಲಯುದ್ಧ ಮಾಡುವುದಕ್ಕಿಂತ ಅದು ಎದುರಾಗದಂತೆ ಏರ್ಪಾಡು ಮಾಡಿಕೊಳ್ಳುವುದು ಜಾಣತನ. ಮೊದಲನೆಯದಾಗಿ, ಊಟದ ಡಬ್ಬಿಯ ಜೊತೆಗೆ ಸಂಜೆಗೊಂದು ಕಿರುಡಬ್ಬಿ ಇರಲಿ. ಹುರಿಗಡಲೆ, ಮೊಳಕೆ ಹೆಸರು, ಸೌತೆಕಾಯಿ, ಒಂದು ಪೇರಳೆಹಣ್ಣು, ಇಷ್ಟು ಸಾಕು. ಪ್ರೋಟೀನು ಮತ್ತು ನಾರಿನ ಅಂಶವುಳ್ಳ ಇಂತಹ ಆಹಾರ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಸುಕಿನಲ್ಲೇ ಎದ್ದು ಅಡುಗೆ ಮಾಡಿ, ತಾನೂ ಕಚೇರಿಗೆ ಹೋಗಿ, ಮರಳುವ ಗಾಡಿಯಲ್ಲಿ ಸೊಪ್ಪು ಸೋಸುವ ಗೃಹಿಣಿಯ ಮೇಲೆ ಈ ಡಬ್ಬಿಯ ಹೊರೆ ಬೀಳಕೂಡದು. ಒಲೆ ಹಚ್ಚದೆ ಸಿದ್ಧವಾಗುವ ಇದನ್ನು ತಿನ್ನುವವನೇ ತುಂಬಿಕೊಳ್ಳಬಹುದು. ಎರಡನೆಯದಾಗಿ, ಚಹಾದ ಸಕ್ಕರೆಯನ್ನು ಒಮ್ಮೆಗೇ ಬಿಡದೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಗೆ ತಾನಾಗಿ ಒಗ್ಗುತ್ತದೆ. ಮೂರನೆಯದಾಗಿ, ಹಂಚುವ ಸಿಹಿಯನ್ನು ಎಲ್ಲರ ನಡುವಿನ ಮೇಜಿನ ಮೇಲೆ ತೆರೆದಿಡದೆ ದೂರದ ಕಪಾಟಿನಲ್ಲಿಡುವ ಪದ್ಧತಿ ಬರಲಿ; ಬೇಕಾದವನು ಎದ್ದು ಹೋಗಿ ತಂದುಕೊಳ್ಳಲಿ.

ಕೊನೆಯದಾಗಿ, ‘ತಂದದ್ದು ಬಹಳ ಸಂತೋಷ, ಆದರೆ ವೈದ್ಯರು ಬಿಡಿಸಿದ್ದಾರೆ’ ಎಂದು ನಗುಮುಖದಿಂದ ಹೇಳುವುದನ್ನು ಕಲಿಯಬೇಕು. ಹೇಳುವವನಿಗಿಂತಲೂ ಕೇಳುವವನು ಕಲಿಯಬೇಕಾದದ್ದು ಹೆಚ್ಚು. ಒಮ್ಮೆ ‘ಬೇಡ’ವೆಂದವನನ್ನು ಎರಡನೆಯ ಬಾರಿ ಒತ್ತಾಯಿಸದಿರುವುದೇ ನಿಜವಾದ ಉಪಚಾರ. ಹಾಗೆಂದು ಉಪವಾಸದ ಹಟಕ್ಕೂ ಬೀಳಬಾರದು. ಮಧ್ಯಾಹ್ನದ ಊಟ ಬಿಟ್ಟವನು ಸಂಜೆ ಅದರ ಇಮ್ಮಡಿ ತಿನ್ನುವುದುಂಟು. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಊಟ ತಪ್ಪಿಸುವುದು ಅಪಾಯಕರ. ಹಬ್ಬದ ದಿನ ಮನೆಯವರೊಡನೆ ಕುಳಿತು ಒಂದು ಹೋಳಿಗೆ ಸವಿದರೆ ಯಾವ ವ್ರತವೂ ಭಂಗವಾಗದು. ಹಸಿವಿಲ್ಲದೆ, ರುಚಿಯ ಅರಿವೂ ಇಲ್ಲದೆ, ಕಡತದ ಮೇಲೆ ಕಣ್ಣಿಟ್ಟು ನುಂಗುವ ತಿನಿಸೇ ಬಿಡಲು ಯೋಗ್ಯವಾದದ್ದು.

ಇಂತಹ ಬದಲಾವಣೆಗೆ ಕನ್ನಡ ಸಂಘಗಳು ನಾಂದಿ ಹಾಡಬಹುದು. ಸಂಘದ ವಾರ್ಷಿಕೋತ್ಸವದ ಉಪಾಹಾರದಲ್ಲಿ ಒಂದು ಸಿಹಿಯ ಬದಲು ಹಣ್ಣು ಬಂದರೆ, ಸಕ್ಕರೆಯಿಲ್ಲದ ಚಹಾದ ಪಾತ್ರೆಯೊಂದು ಪಕ್ಕದಲ್ಲಿದ್ದರೆ, ಬೇಡವೆಂದ ಹಿರಿಯರ ತಟ್ಟೆಗೆ ಮತ್ತೆ ಬಡಿಸದಿದ್ದರೆ, ಆ ನಡವಳಿಕೆ ಮರುದಿನ ಕಚೇರಿಗೂ ಹಬ್ಬುತ್ತದೆ. ಬಡಿಸುವುದರಲ್ಲಿ ಕನ್ನಡಿಗರು ಎಂದೂ ಹಿಂದೆ ಬಿದ್ದವರಲ್ಲ. ಬಡಿಸುವ ಕೈಯನ್ನು ಸಕಾಲದಲ್ಲಿ ತಡೆಯುವುದೂ ಪ್ರೀತಿಯೇ ಎಂದು ತೋರಿಸಿಕೊಡುವ ಕಾಲ ಈಗ ಬಂದಿದೆ.