ಗಾಳಿ ಮಾಡೋ ಕೆಲಸ ಕೋಡ್ ಮಾಡಲ್ಲ

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ ಇದೆ. ಸೆನ್ಸರ್‌ನಿಂದ ಬರೋ ಅಂಕಿ ಕುಣೀತಾ ಇದ್ರೆ "ಬಿಡಿ, ಕೋಡ್‌ನಲ್ಲೇ ಒಂದು ಫಿಲ್ಟರ್ ಹಾಕೋಣ" ಅಂದುಬಿಡ್ತೀವಿ. ಆಕ್ಸೆಲೆರೋಮೀಟರ್ ಚಿಪ್‌ಗಳ ವಿಷಯದಲ್ಲಿ (ಮೊಬೈಲ್ ಅಡ್ಡ ಹಿಡಿದಾಗ ಚಿತ್ರ ತಿರುಗೋದು, ಡಿಕ್ಕಿ ಹೊಡೆದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳೋದು ಇವುಗಳ ಕೃಪೆಯಿಂದಲೇ) ಈ ಮಾತು ಅಪಾಯಕಾರಿ ಅಂತ ನನ್ನ ವಾದ.

ಚಿಪ್ ಒಳಗೆ ಸಿಲಿಕಾನ್‌ನಲ್ಲೇ ಕೆತ್ತಿದ ಒಂದು ಪುಟಾಣಿ ತೂಕ, ಅದನ್ನ ಹಿಡಿದಿರೋ ಸಿಲಿಕಾನ್ ಸ್ಪ್ರಿಂಗು. ಅಷ್ಟೇ ಇದ್ದಿದ್ರೆ ಒಂದು ಸಲ ತಟ್ಟಿದ್ರೆ ದೇವಸ್ಥಾನದ ಗಂಟೆ ಥರ ಅದುರ್ತಾನೇ ಇರೋದು. ಸಿಲಿಕಾನ್ ತಾನಾಗಿ ಕಂಪನ ನುಂಗೋದು ತೀರಾ ಕಮ್ಮಿ. ಮತ್ತೆ ಬ್ರೇಕ್ ಹಾಕೋರು ಯಾರು? ಒಳಗಿರೋ ಗಾಳಿ! ತೂಕಕ್ಕೂ ಪಕ್ಕದ ಗೋಡೆಗೂ ನಡುವೆ ಕೆಲವೇ ಮೈಕ್ರಾನ್ ಸಂದು. ನುಣುಪು ನೆಲದ ಮೇಲೆ ಒಂದು ರಟ್ಟನ್ನ ಚಪ್ಪಟೆಯಾಗಿ ಬೀಳಿಸಿ ನೋಡಿ, ಕೊನೇ ಗಳಿಗೇಲಿ ತೇಲಿ ಪಕ್ಕಕ್ಕೆ ಜಾರುತ್ತಲ್ಲ, ಅದೇ ಆಟ ಇಲ್ಲೂ. ಅಗಲವಾದ ಎರಡು ತಟ್ಟೆಗಳ ನಡುವಿನ ಸಂದು ಅರ್ಧ ಮಾಡಿದ್ರೆ ತಡೆ ಸುಮಾರು 8 ಪಟ್ಟು ಏರುತ್ತೆ. (ತಮಾಷೆ ನೋಡಿ: ಎಣ್ಣೆ ಬಿಸಿಯಾದ್ರೆ ತೆಳ್ಳಗಾಗುತ್ತೆ, ಗಾಳಿಯ ಸ್ನಿಗ್ಧತೆ ಬಿಸಿಯಾದಷ್ಟೂ ಜಾಸ್ತಿ.)

ಹಾಗಂತ ಡ್ಯಾಂಪಿಂಗ್ ಸುರಿಯೋ ಹಾಗೂ ಇಲ್ಲ. ತೂಕ ಸೋಮಾರಿ ಆಗುತ್ತೆ, ಗಾಳಿಯ ಅಣುಗಳ ಗುದ್ದಾಟದ ಗದ್ದಲವೂ ಏರುತ್ತೆ. ಅದೇ ಚಿಪ್‌ನಲ್ಲಿ ಜೈರೋಸ್ಕೋಪೂ ಇದ್ರಂತೂ ಕೇಳಲೇಬೇಡಿ. ಅದಕ್ಕೆ ಸದಾ ಕಂಪಿಸ್ತಾ ಇರಬೇಕು, ಗಾಳಿ ಕಂಡ್ರೆ ಆಗಲ್ಲ. ಅತ್ತೆ-ಸೊಸೆ ಥರ ಇಬ್ಬರಿಗೂ ಬೇರೆ ಬೇರೆ ಒತ್ತಡದ ಕೋಣೆ ಕಟ್ಟಿಕೊಡ್ತಾರೆ :-)

ಇದೆಲ್ಲ ಕೋಡ್‌ನಲ್ಲಿ ಯಾಕಾಗಲ್ಲ? ಸೆಕೆಂಡಿಗೆ 100 ಸಲ ಓದ್ತೀವಿ ಅಂತಿಟ್ಕೊಳ್ಳಿ. ತೂಕ 3,010 ಹರ್ಟ್ಸ್‌ನಲ್ಲಿ ಅದುರ್ತಿದ್ದು, ನಡುವೆ ಅನಲಾಗ್ ಫಿಲ್ಟರ್ ಇಲ್ಲದಿದ್ರೆ, ಅದು 10 ಹರ್ಟ್ಸ್ ಅಲುಗಾಟದ ವೇಷ ಹಾಕ್ಕೊಂಡು ಬರುತ್ತೆ. ಅಸಲಿ ಯಾವುದು, ವೇಷ ಯಾವುದು ಅಂತ ಆಮೇಲೆ ಯಾವ ಪ್ರೋಗ್ರಾಮಿಗೂ ಗೊತ್ತಾಗಲ್ಲ. ತೂಕ ಹೋಗಿ ಗೋಡೆಗೇ ಬಡಿದ್ರೆ ಆ ಗಳಿಗೆಯ ಮಾಹಿತಿ ಹೋದಂಗೇ. 1991ರಲ್ಲಿ ಅನಲಾಗ್ ಡಿವೈಸಸ್ ತಂದ ಎಡಿಎಕ್ಸ್‌ಎಲ್50 ಗುರುತ್ವದ 50 ಪಟ್ಟಿನವರೆಗೆ ಅಳೀತಿತ್ತು, ಏರ್‌ಬ್ಯಾಗಿಗೆ ಅಂತಲೇ. ಅಲ್ಲಿ ನಿರ್ಧಾರಕ್ಕೆ ಸಿಗೋದು ಕೆಲವೇ ಮಿಲಿಸೆಕೆಂಡು. "ಮುಂದಿನ ರಿಲೀಸ್‌ನಲ್ಲಿ ಸರಿಮಾಡೋಣ" ಅನ್ನೋಕೆ ಡ್ರೈವರ್ ಸೀಟಲ್ಲಿ ಕೂತಿರೋರು ಇರಬೇಕಲ್ಲ ಸ್ವಾಮಿ!

ಅದಕ್ಕೇ ನಾನು ಹೇಳೋದು, ಚಿಪ್ ಆರಿಸೋ ಮೀಟಿಂಗಿಗೆ ನಾವೂ ಹೋಗಿ ಕೂರಬೇಕು. ಎಷ್ಟೋ ಅಗ್ಗದ ಚಿಪ್‌ಗಳ ಡೇಟಾಶೀಟಿನಲ್ಲಿ ಡ್ಯಾಂಪಿಂಗಿನ ಅಂಕಿಯೇ ಇರಲ್ಲ. ಬೆಲೆ ಕೇಳೋಕೆ ಮುಂಚೆ ಅದನ್ನ ಕೇಳಿ. ಉತ್ತರ ಬರೋ ತನಕ ಒಂದು ಸಾಲೂ ಕೋಡ್ ಬರೀಬೇಡಿ.