ಕಡಲೊಳಗಿನ ಕಿಚ್ಚು

ನಮ್ಮ ಪುರಾಣೇತಿಹಾಸಗಳಲ್ಲಿ ಬಡಬಾಗ್ನಿಯೆಂಬುದೊಂದು ಉಂಟು. ಔರ್ವ ಋಷಿಯ ಕೋಪವು ಲೋಕವನ್ನೇ ಸುಡಲು ಹೊರಟಾಗ ಪಿತೃಗಳ ಮಾತಿಗೆ ಕಟ್ಟುಬಿದ್ದು ಅವನು ಅದನ್ನು ಸಮುದ್ರದಲ್ಲಿ ಬಿಟ್ಟನೆಂದೂ, ಅದು ಕುದುರೆಯ ಮುಖವನ್ನು ತಾಳಿ ನೀರನ್ನೇ ಕುಡಿಯುತ್ತ ಅಲ್ಲಿಯೇ ಉರಿಯುತ್ತಿದೆಯೆಂದೂ ಮಹಾಭಾರತದಲ್ಲಿ ಹೇಳಿದೆ. ಬೆಂಕಿಗೆ ಗಾಳಿ ಬೇಕು, ನೀರು ಅದರ ಶತ್ರು ಎಂಬುದು ಒಲೆಯ ಮುಂದೆ ಕುಳಿತು ಬಲ್ಲ ಪ್ರತಿಯೊಬ್ಬ ಗೃಹಿಣಿಗೂ ತಿಳಿದಿರುವುದಷ್ಟೆ. ಹೀಗಿರಲು, ಗಾಳಿಯನ್ನು ಬೇಡದೆ, ನೀರಿಗೆ ನಂದದೆ, ಕಡಲಿನ ಹೊಟ್ಟೆಯಲ್ಲಿ ವರ್ಷಗಟ್ಟಲೆ ಉರಿಯುವ ಕಿಚ್ಚನ್ನು ಮನುಷ್ಯನೇ ಈ ಕಾಲದಲ್ಲಿ ಹೊತ್ತಿಸಿರುವನೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು. ಪರಮಾಣು ಶಕ್ತಿಯಿಂದ ನಡೆಯುವ ಜಲಾಂತರ್ಗಾಮಿ ನೌಕೆಯ ವಿಚಾರವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುವೆವು.

ಜಲದ ಅಂತರದಲ್ಲಿ, ಎಂದರೆ ಒಳಗೆ, ಗಮಿಸತಕ್ಕದ್ದು ಜಲಾಂತರ್ಗಾಮಿ. ಮೊದಲಿನ ಜಲಾಂತರ್ಗಾಮಿಗಳು ಈ ಹೆಸರಿಗೆ ಪೂರ್ತಿಯಾಗಿ ತಕ್ಕವಾಗಿರಲಿಲ್ಲ. ಅವುಗಳ ಡೀಸೆಲ್ ಯಂತ್ರಕ್ಕೆ ಗಾಳಿ ಬೇಕು, ನೀರಿನೊಳಗೆ ಗಾಳಿಯಿಲ್ಲ. ಆದಕಾರಣ ಮುಳುಗಿದ ಮೇಲೆ ಅವು ಬ್ಯಾಟರಿಗಳಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಮೆಲ್ಲಮೆಲ್ಲನೆ ಚಲಿಸಿ, ಆ ಸಂಚಯವು ತೀರುತ್ತಲೇ ಉಸಿರು ಕಟ್ಟಿದ ಈಜುಗಾರನಂತೆ ಮೇಲಕ್ಕೆ ಬರಬೇಕಾಗುತ್ತಿತ್ತು. ಎರಡನೆಯ ಮಹಾಯುದ್ಧದ ನೌಕೆಗಳೂ ಬಹುಕಾಲ ಮೇಲೆ ತೇಲಿ, ಬೇಕಾದಾಗ ಮಾತ್ರ ಮುಳುಗುತ್ತಿದ್ದಂಥವು.

ಇನ್ನು ಪರಮಾಣು ಎಂಬ ಮಾತು. ಕಣಾದ ಮಹರ್ಷಿಯ ವೈಶೇಷಿಕ ದರ್ಶನದಲ್ಲಿ ಇನ್ನು ಮುಂದೆ ಒಡೆಯಲು ಬಾರದ ಕಟ್ಟಕಡೆಯ ಕಣಕ್ಕೆ ಆ ಹೆಸರು. ಒಡೆಯದಿರುವುದೇ ಯಾವುದರ ಲಕ್ಷಣವೋ ಅದರ ಹೆಸರನ್ನು ಈಗ ಒಡೆಯುವ ವಸ್ತುವಿಗೆ ಇಟ್ಟಿದ್ದೇವೆ! ಯುರೇನಿಯಂ ಎಂಬ ಧಾತುವಿನ ಒಂದು ಬಗೆಯ ಪರಮಾಣುವಿನ ತಿರುಳಿಗೆ ನ್ಯೂಟ್ರಾನ್ ಎಂಬ ಸೂಕ್ಷ್ಮಕಣವು ತಗಲಿದರೆ ಆ ತಿರುಳು ಎರಡಾಗಿ ಸೀಳಿ ತುಂಬ ಶಾಖವನ್ನು ಹೊರಗೆಡಹುತ್ತದೆ. ಜೊತೆಗೆ ಇನ್ನೆರಡು ಮೂರು ನ್ಯೂಟ್ರಾನುಗಳನ್ನೂ ಚಿಮ್ಮಿಸುತ್ತದೆ. ಅವು ನೆರೆಯ ಪರಮಾಣುಗಳನ್ನು ಒಡೆಯುತ್ತವೆ. ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚುವಂತೆ ಈ ಪರಂಪರೆ ನಡೆಯುತ್ತದೆ. ಇದರಲ್ಲಿ ಗಾಳಿಯ ಮಾತೇ ಇಲ್ಲ. ನ್ಯೂಟ್ರಾನುಗಳನ್ನು ನುಂಗುವ ಲೋಹದ ಸರಳುಗಳನ್ನು ನಡುವೆ ಇಳಿಸಿದರೆ ಪರಂಪರೆ ನಿಲ್ಲುತ್ತದೆ. ಎತ್ತಿದರೆ ಮತ್ತೆ ಮೊದಲಾಗುತ್ತದೆ.

ಈ ಶಾಖದಿಂದ ಹಡಗು ನಡೆಯುವ ಬಗೆ ಅಷ್ಟೇನೂ ಗಹನವಲ್ಲ. ಯುರೇನಿಯಮ್ಮಿನ ಸುತ್ತ ಹರಿಯುವ ನೀರನ್ನು ಬಹಳ ಒತ್ತಡದಲ್ಲಿ ಇಟ್ಟಿರುವುದರಿಂದ ಅದು ಎಷ್ಟು ಕಾದರೂ ಕುದಿಯದು. ಆ ಬಿಸಿನೀರು ಕೊಳವೆಗಳ ಮೂಲಕ ಹೋಗಿ ಬೇರೊಂದು ಪಾತ್ರೆಯ ನೀರನ್ನು ಕಾಯಿಸುತ್ತದೆ. ಎರಡು ನೀರುಗಳೂ ಬೆರೆಯುವುದಿಲ್ಲ. ಎರಡನೆಯ ನೀರು ಉಗಿಯಾಗಿ ಚಕ್ರಗಳನ್ನು ತಿರುಗಿಸಿ, ಸಮುದ್ರದ ತಣ್ಣೀರು ಹರಿಯುವ ಕೊಳವೆಗಳನ್ನು ಸೋಕಿ ಮತ್ತೆ ನೀರಾಗಿ ಹಿಂದಕ್ಕೆ ಬರುತ್ತದೆ. ಹೀಗೆ ನೋಡಿದರೆ ಇದು ಹಳೆಯ ಉಗಿಯಂತ್ರವೇ, ಬದಲಾದದ್ದು ಒಲೆಯೊಂದೇ. ಆದರೆ ಇಂಥ ಹಡಗಿನ ಸಾಮರ್ಥ್ಯವೂ ಅಪಾಯವೂ ಕೊಳವೆಗಳಲ್ಲಿ ಅಡಗಿವೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇಂತಹ ಮೊದಲನೆಯ ನೌಕೆ ಅಮೆರಿಕೆಯ ‘ನಾಟಿಲಸ್’. ಹೈಮನ್ ರಿಕೋವರ್ ಎಂಬ ಹಟವಾದಿ ಅಧಿಕಾರಿಯ ನೇತೃತ್ವದಲ್ಲಿ ಸಿದ್ಧವಾಗಿ 1954ನೆಯ ಇಸವಿ ಜನವರಿಯಲ್ಲಿ ನೀರಿಗಿಳಿದು, 1955ರ ಜನವರಿ 17ರಂದು ಪರಮಾಣು ಶಕ್ತಿಯಿಂದ ಹೊರಟಿತು. ಮೊದಲು ತುಂಬಿದ ಇಂಧನದಿಂದಲೇ ಅದು ಎರಡು ವರ್ಷಗಳಲ್ಲಿ 62,000 ಮೈಲಿಗಳಿಗೂ ಮೀರಿ ಸಂಚರಿಸಿತು. ಫ್ರಾನ್ಸಿನ ಕಾದಂಬರಿಕಾರ ಜೂಲ್ ವರ್ನನು ಬಹು ಹಿಂದೆ ಕಲ್ಪಿಸಿದ ಜಲಾಂತರ್ಗಾಮಿಗೂ ಇದೇ ಹೆಸರು. ಅದರ ನಾಯಕನಾದ ನೀಮೋ ಎಂಬವನು ಬುಂದೇಲಖಂಡದ ರಾಜಕುಮಾರನೆಂದೂ ನಮ್ಮ ಮೈಸೂರಿನ ಟಿಪ್ಪೂ ಸುಲ್ತಾನನ ಬಂಧುವೆಂದೂ ವರ್ನನು ತನ್ನ ಇನ್ನೊಂದು ಕಾದಂಬರಿಯಲ್ಲಿ ಬರೆದಿರುವುದು ಕನ್ನಡಿಗರಿಗೆ ಸ್ವಾರಸ್ಯವಾದ ಸಂಗತಿ.

1958ರಲ್ಲಿ ನಾಟಿಲಸ್ ನೌಕೆಯು ಉತ್ತರಧ್ರುವದ ಹಿಮದ ಚಪ್ಪರದಡಿಯಲ್ಲಿ ಹಾಯಲು ಸಿದ್ಧವಾಗುತ್ತಿದ್ದಾಗ, ಉಗಿಯನ್ನು ತಣಿಸುವ ಪಾತ್ರೆಯಲ್ಲಿ ಎಲ್ಲಿಯೋ ಕಡಲನೀರು ಒಸರತೊಡಗಿತು. ಎಷ್ಟು ಹುಡುಕಿದರೂ ಬಿರುಕು ಸಿಕ್ಕಲಿಲ್ಲ. ಕಡೆಗೆ ನಾವಿಕರು ಸಾಮಾನ್ಯರ ಉಡುಪನ್ನು ತೊಟ್ಟು ಸಿಯಾಟಲ್ ಪಟ್ಟಣದ ಅಂಗಡಿಗಳಿಗೆ ಹೋಗಿ, ಮೋಟಾರು ಗಾಡಿಗಳಲ್ಲಿ ನೀರು ಸೋರದಂತೆ ಹಾಕುವ ಔಷಧದ ಡಬ್ಬಿಗಳನ್ನು ನೂರಕ್ಕೂ ಹೆಚ್ಚಾಗಿ ಕೊಂಡು ತಂದು ಸುರಿದರು. ಸೋರುವುದು ನಿಂತಿತು! ಆಗಸ್ಟ್ 3ರಂದು ವಿಲಿಯಂ ಆಂಡರ್ಸನ್ ಎಂಬ ನಾಯಕರೂ ಅವರ ಸಂಗಡಿಗರೂ ಸೇರಿ 116 ಮಂದಿ ಹಿಮದ ಅಡಿಯಲ್ಲಿಯೇ ಧ್ರುವವನ್ನು ದಾಟಿದರು. 96 ಗಂಟೆಗಳ ಕಾಲ, 1,830 ಮೈಲಿಗಳ ದೂರ, ಅವರ ತಲೆಯ ಮೇಲೆ ಹಿಮದ ಹೊದಿಕೆಯಿತ್ತು. 1960ರಲ್ಲಿ ‘ಟ್ರೈಟನ್’ ಎಂಬ ಮತ್ತೊಂದು ನೌಕೆಯು ಎಡ್ವರ್ಡ್ ಬೀಚ್ ಎಂಬವರ ನಾಯಕತ್ವದಲ್ಲಿ 60 ದಿನ 21 ಗಂಟೆಗಳಲ್ಲಿ ನೀರಿನೊಳಗೇ ಭೂಪ್ರದಕ್ಷಿಣೆ ಮಾಡಿತು.

ಇಂತಹ ಹಡಗಿನೊಳಗಿನ ಸಂಸಾರ ಹೇಗೆ? ಸಮುದ್ರದ ನೀರನ್ನು ಬಟ್ಟಿಯಿಳಿಸಿ ಸಿಹಿನೀರು ಮಾಡುವರು. ಅದರಲ್ಲಿ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಉಗಿಗೆ ಪಾಲು. ನೀರನ್ನು ವಿದ್ಯುತ್ತಿನಿಂದ ಒಡೆದು ಪ್ರಾಣವಾಯುವನ್ನು ಪಡೆದು, ಜಲಜನಕವನ್ನು ಕಡಲಿಗೆ ಬಿಡುವರು. ಉಸಿರಿನಿಂದ ಹೊರಡುವ ಅಂಗಾರಾಮ್ಲ ವಾಯುವನ್ನು ಬೇರೊಂದು ದ್ರವದಲ್ಲಿ ಹೀರಿಸಿ ತೆಗೆಯುವರು. ಗಾಳಿಗೂ ನೀರಿಗೂ ಕೊರತೆಯಿಲ್ಲ. ಮೊದಲು ತೀರುವುದು ಹಸಿಯ ತರಕಾರಿ. ಕಡೆಗೆ ಮೇಲಕ್ಕೆ ಬರಲೇಬೇಕಾಗುವುದು ಅನ್ನಸಾಮಗ್ರಿಗಾಗಿ. ಹೊರಡುವಾಗ ಉಗ್ರಾಣ ತುಂಬಿ ಮಿಕ್ಕ ಡಬ್ಬಿಗಳನ್ನು ನೆಲದ ಮೇಲೆಯೇ ಹರಡಿ, ಅವುಗಳ ಮೇಲೆಯೇ ಓಡಾಡುತ್ತ, ದಿನದಿನಕ್ಕೆ ಉಂಡು ನೆಲವನ್ನು ಕಾಣುವುದೂ ಉಂಟು. ಮಲಗಲು ಜಾಗ ಸಾಲದ ಹಡಗುಗಳಲ್ಲಿ ಮೂವರಿಗೆ ಎರಡು ಹಾಸಿಗೆ: ಒಬ್ಬನು ಕಾವಲಿಗೆ ಎದ್ದುಹೋದರೆ ಆರದ ಅದೇ ಹಾಸಿಗೆಯಲ್ಲಿ ಇನ್ನೊಬ್ಬನು ಮಲಗಬೇಕು. ಸೂರ್ಯನು ಕಾಣದ ಆ ಊರಿನಲ್ಲಿ ಅಹೋರಾತ್ರಿಗೆ ಅರ್ಥವಿಲ್ಲ. ಅಮೆರಿಕೆಯ ಹಡಗುಗಳಲ್ಲಿ ಆರು ಗಂಟೆ ಕಾವಲು, ಹನ್ನೆರಡು ಗಂಟೆ ಮಿಕ್ಕ ಕೆಲಸ ಮತ್ತು ನಿದ್ರೆ, ಹೀಗೆ 18 ಗಂಟೆಗೇ ಒಂದು ದಿನವೆಂದು ಬಹುಕಾಲ ಎಣಿಸುತ್ತಿದ್ದರು.

ಇವೆಲ್ಲವುಗಳಿಗಿಂತ ಕಠಿನವಾದುದು ಮನೆಯ ಅಗಲಿಕೆ. ಅಡಗಿರುವುದೇ ಇಂತಹ ನೌಕೆಯ ಧರ್ಮವಾದುದರಿಂದ ಅದು ಮಾತನಾಡಬಾರದು. ಕ್ಷಿಪಣಿಗಳನ್ನು ಹೊತ್ತು ಎರಡು ತಿಂಗಳಿಗೂ ಮೀರಿ ಮುಳುಗಿರುತ್ತಿದ್ದ ಅಮೆರಿಕೆಯ ನಾವಿಕರಿಗೆ ಅವರ ಮನೆಯವರು ಕೆಲವೇ ಪದಗಳ ಸಂದೇಶವನ್ನು, ಅದೂ ಒಂದು ಯಾನಕ್ಕೆ ಬೆರಳೆಣಿಕೆಯಷ್ಟನ್ನು, ಕಳುಹಿಸಬಹುದಾಗಿತ್ತು. ಮಗುವಿಗೆ ಹಲ್ಲು ಬಂತು, ಅತ್ತೆಯವರು ಬಂದಿದ್ದಾರೆ, ಎಲ್ಲರೂ ಸೌಖ್ಯ. ಇಷ್ಟರಲ್ಲಿಯೇ ಸಂಸಾರವನ್ನೆಲ್ಲ ತುಂಬಬೇಕು. ಉತ್ತರವನ್ನು ಬರೆಯುವ ಹಾಗಿಲ್ಲ. ಆ ಸಂದೇಶಗಳನ್ನು ಅಧಿಕಾರಿಗಳು ಮೊದಲು ಓದುವರು. ಹತ್ತಿರದವರ ಮರಣದಂತಹ ವಾರ್ತೆಯನ್ನು ಯಾನ ಮುಗಿಯುವವರೆಗೆ ತಡೆಹಿಡಿಯುವುದೂ ಉಂಟು. ಹಡಗು ತಿರುಗಲಾರದು, ತಿಳಿದವನು ಏನೂ ಮಾಡಲಾರನು. ಹಾಗಾದರೆ ತಿಳಿಸಿ ಫಲವೇನು ಎಂಬುದು ಅವರ ವಾದ. ದಡದಲ್ಲಿ ಒಬ್ಬಳೇ ಆ ದುಃಖವನ್ನು ಹೊತ್ತು, ಗಂಡನಿಗೆ ಸೌಖ್ಯವೆಂದು ಬರೆಯುವ ಹೆಂಡತಿಯ ಧೈರ್ಯಕ್ಕೆ ಪದಕವಿಲ್ಲ. ಆದರೆ ಅದು ಹಡಗಿನವರ ಧೈರ್ಯಕ್ಕಿಂತ ಕಡಿಮೆಯೆಂದು ನಾವು ಹೇಳಲಾರೆವು.

ಈಗ ಕೊಳವೆಯ ಮಾತಿಗೆ ಬರೋಣ. 1961ರ ಜುಲೈ 4ರಂದು ಸೋವಿಯತ್ ದೇಶದ ‘ಕೆ-19’ ಎಂಬ ನೌಕೆಯು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿದ್ದಾಗ ಪರಮಾಣು ಒಲೆಯನ್ನು ತಣಿಸುವ ನೀರಿನ ವ್ಯವಸ್ಥೆಯಲ್ಲಿ ಸೋರಿಕೆಯುಂಟಾಗಿ, ಒಲೆಯ ಶಾಖವು ಏರತೊಡಗಿತು. ಅಂತಹ ಸಮಯಕ್ಕೆಂದು ಇರಬೇಕಾಗಿದ್ದ ಎರಡನೆಯ ವ್ಯವಸ್ಥೆಯನ್ನು ಆ ಹಡಗಿನಲ್ಲಿ ಕೂಡಿಸಿಯೇ ಇರಲಿಲ್ಲ. ನಾಯಕ ಜ಼ಾತೆಯೆವ್ ಅವರ ಅಪ್ಪಣೆಯಂತೆ ನಾವಿಕರು ಸರದಿಯ ಮೇಲೆ ಒಳಹೊಕ್ಕು, ಕಣ್ಣಿಗೆ ಕಾಣದ ಕಿರಣಗಳ ನಡುವೆ ನಿಂತು ಹೊಸ ಕೊಳವೆಯನ್ನು ಬೆಸೆದು ನೀರನ್ನು ಹಾಯಿಸಿದರು. ಹಡಗು ಉಳಿಯಿತು. ಆ ಕೆಲಸ ಮಾಡಿದ ಎಂಟು ಮಂದಿ ಮೂರು ವಾರಗಳೊಳಗೆ ತೀರಿಕೊಂಡರು.

ಎರಡು ವರ್ಷಗಳ ತರುವಾಯ ಅಮೆರಿಕೆಯಲ್ಲಿ ನಡೆದುದು ಇನ್ನೂ ವಿಚಾರಾರ್ಹವಾದುದು. ‘ಥ್ರೆಷರ್’ ಎಂಬುದು ಅಂದಿಗೆ ಅವರ ಅತ್ಯಂತ ನವೀನವಾದ ನೌಕೆ. 1,300 ಅಡಿಗಳ ಆಳಕ್ಕೆ ಇಳಿಯಬಲ್ಲದು. ಆ ಆಳದಲ್ಲಿ ಚದರಂಗುಲಕ್ಕೆ ಸುಮಾರು 580 ಪೌಂಡುಗಳ ಒತ್ತಡ. ಎಂದರೆ ಅಂಗೈಯಷ್ಟು ಜಾಗದ ಮೇಲೆ ಎರಡು ಟನ್ನುಗಳಿಗೂ ಮೀರಿದ ಭಾರ. ಕಡಲನೀರನ್ನು ಒಳಕ್ಕೆ ತರುವ ಪ್ರತಿಯೊಂದು ಕೊಳವೆಯೂ, ಅದರ ಪ್ರತಿಯೊಂದು ಬೆಸುಗೆಯೂ ಈ ಭಾರವನ್ನು ಹೊರಬೇಕು. ಬೆಳ್ಳಿ ಬೆರೆತ ಲೋಹದಿಂದ ಬೆಸೆದ ಅಂತಹ ಸಂಧಿಗಳು ಆ ಹಡಗಿನಲ್ಲಿ ಸುಮಾರು 3,000. ಒಂಬತ್ತು ತಿಂಗಳ ದುರಸ್ತಿಯ ಕಾಲದಲ್ಲಿ 145 ಸಂಧಿಗಳನ್ನು ಶಬ್ದತರಂಗಗಳಿಂದ ಪರೀಕ್ಷಿಸಿದಾಗ ನೂರಕ್ಕೆ 14ರಷ್ಟು ನಿಯಮಕ್ಕೆ ತಕ್ಕವಾಗಿರಲಿಲ್ಲ. ಉಳಿದವುಗಳಲ್ಲಿ ಬಹುಪಾಲು ಆ ಪರೀಕ್ಷೆಗೆ ಒಳಗಾಗದೆಯೇ ಹಡಗು ಹೊರಟಿತು.

1963ರ ಏಪ್ರಿಲ್ 10ರ ಬೆಳಗ್ಗೆ, ಅಮೆರಿಕೆಯ ಪೂರ್ವತೀರದ ಕೇಪ್ ಕಾಡಿನಿಂದ ಸುಮಾರು 220 ಮೈಲಿ ದೂರದಲ್ಲಿ, ಥ್ರೆಷರ್ ಆಳದ ಪರೀಕ್ಷೆಗೆಂದು ಇಳಿಯಿತು. ನಾಯಕರು ಜಾನ್ ವೆಸ್ಲಿ ಹಾರ್ವಿ. ನಾಟಿಲಸ್ಸಿನಲ್ಲಿಯೂ ಸೇವೆ ಸಲ್ಲಿಸಿದ್ದವರು. ಹಡಗಿನಲ್ಲಿದ್ದ 129 ಮಂದಿಯಲ್ಲಿ 17 ಮಂದಿ ನೌಕಾಪಡೆಗೆ ಸೇರದ ಕೆಲಸಗಾರರು ಮತ್ತು ತಜ್ಞರು. ಮೇಲೆ ಕಾಯುತ್ತಿದ್ದ ‘ಸ್ಕೈಲಾರ್ಕ್’ ಎಂಬ ಹಡಗಿಗೆ ಒಂಬತ್ತು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಅಲ್ಪ ತೊಂದರೆಯುಂಟಾಗಿದೆ, ಮೇಲೇರಲು ಯತ್ನಿಸುತ್ತಿದ್ದೇವೆ ಎಂಬರ್ಥದ ಮಾತು ಕೇಳಿಸಿತು. ಆಮೇಲೆ ಅಸ್ಪಷ್ಟ ಶಬ್ದಗಳು, ಆಮೇಲೆ ಮೌನ. ಹಡಗಿನ ಚೂರುಗಳು 8,400 ಅಡಿಗಳ ಆಳದಲ್ಲಿ ಸಿಕ್ಕಿದುವು.

ವಿಚಾರಣೆಯ ಮಂಡಲಿಯವರು ಬಹುಮಟ್ಟಿಗೆ ಸಂಭವನೀಯವೆಂದು ನಿಶ್ಚಯಿಸಿದ ಕಾರಣವಿದು: ಯಂತ್ರಶಾಲೆಯಲ್ಲಿ ಕಡಲನೀರಿನ ಕೊಳವೆಯೊಂದು ಬಿಟ್ಟುಕೊಂಡಿತು, ಚಿಮ್ಮಿದ ನೀರು ವಿದ್ಯುದ್ಯಂತ್ರಗಳನ್ನು ಕೆಡಿಸಿತು, ಪರಮಾಣು ಒಲೆಯು ತಾನಾಗಿಯೇ ಆರಿತು. ಅದನ್ನು ಮತ್ತೆ ಹೊತ್ತಿಸಲು ಬೇಕಾದ ನಿಮಿಷಗಳು ಅವರಿಗೆ ಉಳಿದಿರಲಿಲ್ಲ. ತೊಟ್ಟಿಗಳೊಳಗಿನ ನೀರನ್ನು ಗಾಳಿಯಿಂದ ಹೊರದೂಡಿ ಏಳೋಣವೆಂದರೆ, ಬಿಗಿದಿಟ್ಟಿದ್ದ ಗಾಳಿಯು ರಭಸದಿಂದ ಹೊರಟಾಗ ತಣ್ಣಗಾಗಿ, ಅದರಲ್ಲಿದ್ದ ತೇವವು ಜರಡಿಗಳಲ್ಲಿ ಹಿಮವಾಗಿ ಕಟ್ಟಿ ದಾರಿಯನ್ನು ಮುಚ್ಚಿರಬೇಕು. ಅದೇ ಜಾತಿಯ ಇನ್ನೊಂದು ನೌಕೆಯನ್ನು ದಡದಲ್ಲಿ ಪರೀಕ್ಷಿಸಿದಾಗ ಹೀಗೆಯೇ ಆಯಿತು. ವಾಚಕರು ಗಮನಿಸಲಿ: ಲೋಕವೆಲ್ಲ ಹೆದರುತ್ತಿದ್ದ ಪರಮಾಣು ಕಿಚ್ಚು ಇಲ್ಲಿ ಯಾರನ್ನೂ ಸುಡಲಿಲ್ಲ. ಎಲ್ಲರಿಗೂ ಚಿರಪರಿಚಿತವಾದ ನೀರು, ಗಾಳಿ, ಬೆಸುಗೆ, ಇವು ಮೂರೂ ಕೂಡಿ ಆ ಹಡಗನ್ನು ಕಳೆದುವು. ಅದ್ಭುತವಾದುದರ ಮೇಲೆ ಎಲ್ಲರ ಕಣ್ಣಿತ್ತು; ಸಾಮಾನ್ಯವಾದುದರ ಮೇಲೆ ಇದ್ದ ಕಣ್ಣು ಸಾಲದೆ ಹೋಯಿತು.

ಆ ವರ್ಷವೇ ಅವರು ‘ಸಬ್‌ಸೇಫ್’ ಎಂಬ ಕಟ್ಟಳೆಯನ್ನು ಏರ್ಪಡಿಸಿದರು. ಕಡಲಿನ ಒತ್ತಡವನ್ನು ಹೊರುವ ಒಂದೊಂದು ಭಾಗಕ್ಕೂ ಲೋಹವು ಎಲ್ಲಿಂದ ಬಂತು, ಬೆಸೆದವರು ಯಾರು, ಪರೀಕ್ಷಿಸಿದವರು ಯಾರು, ಫಲವೇನು ಎಂಬುದಕ್ಕೆ ಲಿಖಿತವಾದ ಪ್ರಮಾಣವಿರಬೇಕು. “ಸರಿಯಾಗಿರಬಹುದು” ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ನಮ್ಮ ತರ್ಕಶಾಸ್ತ್ರದಲ್ಲಿ ಪ್ರಮಾಣವಿಲ್ಲದೆ ಪ್ರಮೇಯವು ಸಿದ್ಧಿಸದೆಂದು ಹೇಳುವುದೂ ಇದೇ. 1915ರಿಂದ 1963ರವರೆಗೆ ಯುದ್ಧಕ್ಕೆ ಸಂಬಂಧಿಸದ ಕಾರಣಗಳಿಂದ 16 ಜಲಾಂತರ್ಗಾಮಿಗಳನ್ನು ಕಳೆದುಕೊಂಡಿದ್ದ ಆ ನೌಕಾಪಡೆಯು ಆಮೇಲೆ ಕಳೆದುಕೊಂಡುದು ಒಂದನ್ನು ಮಾತ್ರ. 1968ರಲ್ಲಿ 99 ಮಂದಿಯೊಡನೆ ಮುಳುಗಿದ ‘ಸ್ಕಾರ್ಪಿಯನ್’ ಅದು. ಅದಕ್ಕೆ ಈ ಕಟ್ಟಳೆಯ ಪ್ರಮಾಣಪತ್ರವು ದೊರೆತಿರಲಿಲ್ಲ.

ಈ ವಿಚಾರವು ನಮಗೆ ದೂರದ್ದಲ್ಲ. 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನಮ್ಮ ದೇಶದ ‘ಅರಿಹಂತ’ ನೌಕೆಯನ್ನು ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. 2016ರಲ್ಲಿ ಅದು ಸೇವೆಗೆ ಸೇರಿತು. ಅಂತಹ ಹಡಗುಗಳಲ್ಲಿರುವವರೂ ಯಾರದೋ ಮನೆಯ ಮಕ್ಕಳು. ಯುದ್ಧನೌಕೆಗಳು ಲೋಕಕ್ಕೆ ಬೇಕೇ ಬೇಡವೇ ಎಂಬುದನ್ನು ವಾಚಕರು ತಮ್ಮ ತಮ್ಮ ವಿವೇಕದಂತೆ ನಿರ್ಣಯಿಸಿಕೊಳ್ಳಲಿ. ಅವುಗಳೊಳಗೆ ಹೋಗುವವರ ಪ್ರಾಣವು ದಡದಲ್ಲಿ ಕುಳಿತು ಬೆಸೆಯುವವನ ಕೈಯಲ್ಲಿಯೂ, ಪರೀಕ್ಷಿಸಿ ರುಜು ಹಾಕುವವನ ಲೇಖನಿಯಲ್ಲಿಯೂ ಇದೆಯೆಂಬುದರಲ್ಲಿ ಮಾತ್ರ ಎರಡು ಅಭಿಪ್ರಾಯಗಳಿಲ್ಲ. ನಮ್ಮ ಮಕ್ಕಳಲ್ಲಿ ಕೆಲವರು ಮುಂದೆ ಬೆಸೆಯುವವರಾಗುವರು, ಕೆಲವರು ರುಜು ಹಾಕುವವರಾಗುವರು. ನೋಡದುದನ್ನು ನೋಡಿದೆನೆಂದು ಬರೆಯಬಾರದೆಂಬ ಒಂದು ಪಾಠವನ್ನು ನಾವು ಮನೆಯಲ್ಲಿಯೇ ಕಲಿಸಿ ಕಳುಹಿಸಿದರೆ, ಯಾವ ಊರಿನಲ್ಲೋ ಯಾವ ಮನೆಯಲ್ಲೋ ಒಬ್ಬ ತಾಯಿಯ ಮಗನು ಕ್ಷೇಮವಾಗಿ ಹಿಂದಿರುಗುವನು.